ಕಸದ ಗಾಡಿಗೆ ಹೋದ ಟರ್ಕಿ ಮೂಳೆ

ಗಾಲಿಯಾನೊ, ಲೂಯಿಸಿಯಾನ
ಶನಿವಾರ, ನವೆಂಬರ್ 26, 1983

ನನ್ನ ಮುದ್ದು ಕ್ಲೋವಿಸ್‌ಗೆ ಅಮ್ಮನ ನೂರು ಮುತ್ತು.

ಹೇಗಿದ್ದೀಯಪ್ಪಾ? ಕೆಮ್ಮು ಬಿಟ್ಟಿತೇ? ಸಮುದ್ರದ ನಡುವೆ ಆ ಎಣ್ಣೆಬಾವಿಯ ಕಬ್ಬಿಣದ ಅಟ್ಟದ ಮೇಲೆ ಗಾಳಿ ಹೇಗೆ ಬೀಸುತ್ತದೋ ಎಂದು ನೆನೆಸಿಕೊಂಡರೆ ಇಲ್ಲಿ ಕೂತ ನನಗೇ ಮೈ ನಡುಗುತ್ತದೆ. ನಾನು ಹೆಣೆದ ಉಣ್ಣೆಯ ಬನಿಯನ್ ಹಾಕಿಕೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ನಿಮಗೆ ಟರ್ಕಿ ಕೋಳಿ ಬಡಿಸಿದರೋ, ಡಬ್ಬಿಯ ಮಾಂಸ ಕೊಟ್ಟು ಕೈತೊಳೆದುಕೊಂಡರೋ? ನನ್ನ ಬಲಗೈ ಪ್ಲಾಸ್ಟರ್ ಬಿಚ್ಚಲು ಇನ್ನೂ ಎರಡು ವಾರವಂತೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ನಿನ್ನೆ ಐದು ಗಂಟೆಗೆ ನೀನು ಮಾಡಿದ ಫೋನನ್ನು ಯಾರೂ ಎತ್ತಲಿಲ್ಲ. ವಾರಕ್ಕೊಮ್ಮೆ ಸಿಗುವ ಐದು ನಿಮಿಷ ಹಾಗೆ ಹಾಳಾಯಿತು, ನೀನು ಏನೇನು ಊಹಿಸಿಕೊಂಡೆಯೋ! ಮಾರ್ಲಿಸ್ ಮನೆಯಲ್ಲೇ ಇದ್ದಾಳೆ, ಗಾಬರಿಯಾಗಬೇಡ. ಆದರೆ ನಿನ್ನೆ ಬೆಳಿಗ್ಗೆ ಅವಳು ನೆಬ್ರಾಸ್ಕಾದ ತವರಿಗೆ ಹೋಗಿಬಿಡುತ್ತೇನೆ, ಮತ್ತೆ ಈ ಮನೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಅದಕ್ಕೆ ಕಾರಣ ನಾನೇ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ಗುರುವಾರದ ಹಬ್ಬ ಚೆನ್ನಾಗಿಯೇ ಆಯಿತು. ಊಟವಾದ ಮೇಲೆ ಕೈನೋವಿಗೆ ಮಾತ್ರೆ ನುಂಗಿ ನಾನು ಮಲಗಿಬಿಟ್ಟೆ. ನಿನ್ನ ಹೆಂಡತಿ ಒಬ್ಬಳೇ ನಿಂತು ಅಷ್ಟೂ ಪಾತ್ರೆ ತೊಳೆದು, ಒಲೆ ಉಜ್ಜಿ, ಅಡುಗೆಮನೆಯನ್ನು ಕನ್ನಡಿ ಮಾಡಿಟ್ಟಿದ್ದಳು. ಪಾಪ, ಒಳ್ಳೆಯದಕ್ಕೇ ಮಾಡಿದಳು. ಶುಕ್ರವಾರ ಬೆಳಿಗ್ಗೆ ನಾನು ಎದ್ದವಳೇ ಗಂಬೋ ಸಾರಿಗೆ ಮೂಳೆ ಬೇಯಿಸೋಣ ಎಂದು ಫ್ರಿಜ್ ತೆಗೆದರೆ ಮೂಳೆಯೇ ಇಲ್ಲ! "ಮಾರ್ಲಿಸ್, ಟರ್ಕಿ ಮೂಳೆ ಎಲ್ಲಿಟ್ಟೆ?" ಎಂದೆ. "ಮೂಳೇನಾ? ಕಸಕ್ಕೆ ಹಾಕ್ದೆ ಅತ್ತೆ. ಗಾಡಿ ಆಗ್ಲೇ ಬಂದು ಹೋಯ್ತಲ್ಲ" ಎಂದಳು ಮಹಾರಾಯ್ತಿ. ಹದಿನೆಂಟು ಪೌಂಡಿನ ಹಕ್ಕಿಯ ಮೂಳೆ, ಸಂಜೆ ಊಟಕ್ಕೆ ಬರುವವರು ಹನ್ನೆರಡು ಜನ, ನಲವತ್ತು ವರ್ಷದಿಂದ ಹಬ್ಬದ ಮಾರನೆಯ ದಿನ ಗಂಬೋ ತಪ್ಪದ ಮನೆ! ಟರ್ಕಿಯನ್ನು ತಿನ್ನುವುದೇ ಮೂಳೆಗೋಸ್ಕರ ಅಲ್ಲವೇನೋ? ನನ್ನ ನಾಲಿಗೆ ನಿನಗೆ ಗೊತ್ತೇ ಇದೆ. "ನಿಮ್ಮಮ್ಮ ನಿನಗೆ ಕಲಿಸಿ ಕಳಿಸಿದ್ದು ಇದನ್ನೇನಾ?" ಎಂದುಬಿಟ್ಟೆ.

ಅಷ್ಟೇ ನೋಡು. ಹುಡುಗಿಯ ಮುಖ ಬಿಳಿಚಿಕೊಂಡಿತು. "ನನಗೆ ಏನು ಬೇಕಾದ್ರೂ ಅನ್ನಿ, ನಮ್ಮಮ್ಮನ ಸುದ್ದಿಗೆ ಬರಬೇಡಿ. ಅವರ ಮುಖ ನೋಡಿ ಒಂದು ವರ್ಷ ಆಯ್ತು. ಐದು ಗಂಟೆಗೆ ಕ್ಲೋವಿಸ್ ಫೋನ್ ಬರತ್ತಲ್ಲ, ಆಗ ಹೇಳ್ತೀನಿ. ನಾನು ಊರಿಗೆ ಹೋಗ್ತೀನಿ, ವಾಪಸ್ ಬರಲ್ಲ" ಎಂದವಳೇ ಕಾರು ತೆಗೆದುಕೊಂಡು ಹೊರಟುಹೋದಳು. ಹೋಗಲಿ ಬಿಡು, ಎಂಥ ಸೊಕ್ಕು ಎಂದುಕೊಂಡೆ. ಹತ್ತು ನಿಮಿಷಕ್ಕೆಲ್ಲ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದೆ.

ನಾಚಿಕೆ ಬಿಟ್ಟು ನಿನ್ನ ಓಲಿಂಪ್ ದೊಡ್ಡಮ್ಮನ ಮನೆಗೆ ಹೋದೆ, ಅವಳದನ್ನಾದರೂ ಕೊಟ್ಟಾಳು ಎಂದು. ನನ್ನ ಒಡಹುಟ್ಟಿದ ಅಕ್ಕ ಏನಂದಳು ಗೊತ್ತೇ? "ಬೇಕಾದ್ರೆ ನನ್ನ ಚಿನ್ನದ ಹಲ್ಲು ಕಿತ್ಕೊಂಡು ಹೋಗೇ ಎಲ್ಡಾ, ಮೂಳೆ ಮಾತ್ರ ಕೇಳ್ಬೇಡ." ಕೇರಿಯಲ್ಲಿ ಬೇರೆ ಯಾರನ್ನು ಕೇಳಿದರೂ ಇದೇ ಉತ್ತರ ಎಂದು ಗೊತ್ತಿದ್ದರಿಂದ ಕೇಳಲಿಲ್ಲ. ಅಕ್ಕ ಬಾಗಿಲಿನವರೆಗೆ ಬಂದು, "ಮೂಳೆ ಹೋದ್ರೆ ಮುಂದಿನ ವರ್ಷ ಸಿಗತ್ತೆ. ಅಂಥ ಸೊಸೆ ಸಿಗ್ತಾಳೇನೇ, ದಡ್ಡಿ?" ಎಂದು ಬೈದು ಕಳಿಸಿದಳು. ದಾರಿಯುದ್ದಕ್ಕೂ ಅಳುತ್ತಾ ಬಂದೆ. ಯಾರಿಗೂ ಹೇಳಬೇಡ.

ಮಧ್ಯಾಹ್ನ ಎರಡು ಗಂಟೆಗೆ ಕಾರಿನ ಸದ್ದಾಯಿತು. ಮಾರ್ಲಿಸ್ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲೆ ಕುಕ್ಕಿದಳು. ಒಳಗೆ ಒಂದಲ್ಲ, ಎರಡಲ್ಲ, ಮೂರು ಟರ್ಕಿಯ ಮೂಳೆ! ಪ್ರತಿ ಭಾನುವಾರ ಊರ ಶಾಲೆಯ ಸಭಾಂಗಣದಲ್ಲಿ ಕೂತು ಹಾಡುವ ಅವಳ ಲುಥೆರನ್ ಪಂಥದ ಮಂದಿ ಇದ್ದಾರಲ್ಲ, ಎಣ್ಣೆ ಕೆಲಸಕ್ಕೆಂದು ಉತ್ತರದಿಂದ ಬಂದವರು, ನಾನು ದಿನಾ ಆಡಿಕೊಳ್ಳುವವರು, ಅವರ ಮನೆಮನೆಗೆ ಹೋಗಿ ಕೇಳಿ ತಂದಿದ್ದಾಳೆ. "ನಿಮ್ಮೋರು ಯಾರೂ ಕೊಡಲ್ಲ ಅಂತ ಗೊತ್ತಿತ್ತು. ನಮ್ಮೋರು ಎಸೀತಾರಲ್ಲ, ಅದಕ್ಕೆ ಅಲ್ಲಿಗೇ ಹೋದೆ. ಸಾರು ಮಾಡಿಟ್ಟು ಹೋಗ್ತೀನಿ, ನನ್ನಿಂದ ನಿಮ್ಮ ಹಬ್ಬ ಕೆಡೋದು ಬೇಡ" ಎಂದಳು.

ಮೂಳೆ ಬೆಂದು ಮನೆಯೆಲ್ಲ ಘಮಘಮ ಎನ್ನುವ ಹೊತ್ತಿಗೆ ನಾಲ್ಕೂವರೆ ದಾಟಿತ್ತು. ಇನ್ನು ಸಾರು ಗಟ್ಟಿಯಾಗಲು ಎಣ್ಣೆಯಲ್ಲಿ ಹಿಟ್ಟು ಹುರಿಯಬೇಕು. ಈ ಕೈಯಲ್ಲಿ ನನಗೆಲ್ಲಿ ಸಾಧ್ಯ? ಸೌಟು ಅವಳ ಕೈಗೆ ಕೊಟ್ಟು, ನಾನು ಫೋನಿನ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳಿಕೊಟ್ಟೆ. ಕಾಕಂಬಿಯ ಬಣ್ಣ ಬರುವವರೆಗೆ ಕೈ ನಿಲ್ಲಿಸಬಾರದು, ಒಂದು ಕಪ್ಪು ಚುಕ್ಕೆ ಕಂಡರೂ ಪೂರ್ತಿ ಚೆಲ್ಲಬೇಕು, ಮನೆಯ ಮಾಡು ಬಿದ್ದರೂ ಹಿಟ್ಟು ಬಿಟ್ಟು ಕದಲಬಾರದು ಎಂದೆ. ಸರಿಯಾಗಿ ಆಗಲೇ ನಿನ್ನ ಫೋನ್ ಬಡಿದುಕೊಂಡಿತು. ಇಡೀ ದಿನ ಅದಕ್ಕೇ ಕಾದವಳು ಒಮ್ಮೆ ಫೋನ್ ನೋಡಿದಳು, ಒಮ್ಮೆ ಹಿಟ್ಟು ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಕೈ ಮಾತ್ರ ನಿಲ್ಲಲಿಲ್ಲ. "ಅತ್ತೆ, ನೀವಾದ್ರೂ ಎತ್ತಿ" ಎಂದಳು. ನಾನು ಪ್ಲಾಸ್ಟರ್ ತೋರಿಸಿದೆ. ಹನ್ನೊಂದು ಸಲ ಬಡಿದು ನಿಂತಿತು.

ಆಮೇಲೆ ನಾನೇ ಬಾಯಿ ಬಿಟ್ಟೆ. "ನಿಮ್ಮಮ್ಮನ ಮಾತು ಎತ್ತಬಾರದಿತ್ತು ಕಣಮ್ಮಾ" ಎಂದೆ. ಅವಳು ತಿರುಗಿಯೂ ನೋಡದೆ, "ಹೂಂ, ಎತ್ತಬಾರದಿತ್ತು. ಬಣ್ಣ ಸಾಕಾ ನೋಡಿ" ಎಂದಳು. ಬಣ್ಣ ನನ್ನ ಕೈಯಲ್ಲೂ ಅಷ್ಟು ಚೆನ್ನಾಗಿ ಬಂದಿದ್ದಿಲ್ಲ. ರಾತ್ರಿ ಊಟಕ್ಕೆ ಬಂದ ಓಲಿಂಪ್ ಮೂರು ಸಲ ಅನ್ನಕ್ಕೆ ಸಾರು ಸುರಿಸಿಕೊಂಡು, "ಎಲ್ಡಾ, ಇನ್ಮೇಲೆ ನೀನು ಒಲೆ ಹತ್ರ ಸುಳೀಬೇಡ" ಎಂದಾಗ ಮಾರ್ಲಿಸ್ ಜೋರಾಗಿ ನಕ್ಕುಬಿಟ್ಟಳು. ಇವತ್ತು ಬೆಳಿಗ್ಗೆಯಿಂದ ಹೋಗುವ ಮಾತೂ ಇಲ್ಲ, ಇರುವ ಮಾತೂ ಇಲ್ಲ. ತಾಯಿಗೆ ಕಾಗದ ಬರೆಯುತ್ತಿದ್ದಾಳೆ. ಏನಮ್ಮಾ ಬರೀತಿದ್ದೀಯ ಎಂದರೆ, "ಮೂಳೆ ಎಸೀಬೇಡ ಅಂತ" ಎಂದಳು. ನನಗೆ ಎಷ್ಟು ಹಿತವಾಯಿತೆಂದು ಹೇಗೆ ಹೇಳಲಿ?

ಮಾತೆ ಮರಿಯಮ್ಮ ನಿನ್ನನ್ನೂ ನಿನ್ನ ಜೊತೆಯ ಹುಡುಗರನ್ನೂ ನೀರಿನಿಂದ, ಬೆಂಕಿಯಿಂದ ಕಾಪಾಡಲಿ. ನಿನ್ನ ಕೆನ್ನೆ ಹಿಂಡಿದೆ ಎಂದು ಬರೆಯಲು ದೊಡ್ಡಮ್ಮ ಹೇಳಿದ್ದಾಳೆ.

ನಿನ್ನನ್ನೇ ನೆನೆಯುವ ಅಮ್ಮ,
ಎಲ್ಡಾ

ಮರೆತೆ: ದೋಣಿಗೆ ಟಪಾಲು ಒಯ್ಯುವವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಆದರೂ ಸುಳ್ಳು ಕಳಿಸಲಾರೆ. ಪ್ಲಾಸ್ಟರ್ ಇದ್ದದ್ದು ಒಂದೇ ಕೈಗೆ. ಫೋನ್ ನನ್ನ ಮೊಣಕೈಗೆ ತಾಗುತ್ತಿತ್ತು, ನಾನೇ ಎತ್ತಲಿಲ್ಲ. ಎತ್ತಿದರೆ ಅವಳು ಹೋಗುತ್ತೇನೆ ಎಂದುಬಿಡುತ್ತಾಳೆ ಎಂದು ಹೆದರಿದೆ ಮಗನೇ. ಮುಂದಿನ ಶುಕ್ರವಾರ ಫೋನ್ ಮಾಡಿದಾಗ ಮೊದಲು ನೀನೇ ಮಾರ್ಲಿಸ್‌ಗೆ ಹೇಳು: ಈ ಕ್ರಿಸ್‌ಮಸ್‌ಗೆ ನಾವಿಬ್ಬರೂ ನಿಮ್ಮಮ್ಮನ ಮನೆಗೆ ಹೋಗೋಣ ಅಂತ. ಮದುವೆಯಾದಾಗಿನಿಂದ ಬೇಡ ಅಂತ ಅಡ್ಡ ಹಾಕಿದವಳು ನಾನೇ, ಈಗ ಹೋಗಿ ಅನ್ನುತ್ತಿರುವವಳೂ ನಾನೇ. ಆ ತಾಯಿಯೂ ನನ್ನ ಹಾಗೇ ಫೋನಿನ ಪಕ್ಕದಲ್ಲೇ ಕೂತಿರುತ್ತಾಳೆ.