ಅಕ್ಕನ ಪಾಲಿನ ಜಾಡಿ

ಗೋಹುಂಗ್, ಕಡಲಂಚಿನ ಮನೆ
ಡಿಸೆಂಬರ್ ೫, ೧೯೭೪

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಬಸುರಿಯಾದವಳು ತಣ್ಣೀರಿನಲ್ಲಿ ಬಟ್ಟೆ ಒಗೆಯಬಾರದಂತೆ, ಸೋದರತ್ತೆ ಹೇಳಲು ಹೇಳಿದರು. ಭಾವನ ಕ್ಷೌರದಂಗಡಿಗೆ ಬೂಸಾನಿನ ಜನ ಬರುತ್ತಿದ್ದಾರೆ ತಾನೆ? ಇಲ್ಲಿ ಅಪ್ಪನ ಮೊಣಕಾಲು ನೋವೊಂದು ಬಿಟ್ಟರೆ ಎಲ್ಲರೂ ಕ್ಷೇಮ. ನಾನು ಓದಿದ್ದು ಆರನೇ ತರಗತಿ, ತಪ್ಪಿದ್ದರೆ ತಿದ್ದಿಕೊಂಡು ಓದು.

ಅಮ್ಮ ಹೋದ ಮೇಲೆ ಈ ವರ್ಷ ಚಳಿಗಾಲಕ್ಕೆ ಯೂಜ ಹಣ್ಣಿನ ಚಹಾ ಜಾಡಿಗೆ ಹಾಕಿಡುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಜಾಡಿ ಎಂಬ ಅಮ್ಮನ ಲೆಕ್ಕ ನಿನಗೆ ಗೊತ್ತಲ್ಲ. ನೀನು ಕೇಳದೆ ಮದುವೆಯಾದ ದಿನವೇ ಅಪ್ಪ ಅಡುಗೆಮನೆಯಿಂದ ನಿನ್ನ ಚಮಚ ತೆಗೆದಿಟ್ಟು, ಈ ಮನೆಯಲ್ಲಿ ನಿನ್ನ ಹೆಸರು ಎತ್ತಕೂಡದು ಎಂದಿದ್ದರು. ಹಾಗಾಗಿ ಎರಡೇ ಜಾಡಿ ಆಗಬೇಕಿತ್ತು. ಹಣ್ಣನ್ನು ಉಪ್ಪು ಹಚ್ಚಿ ತೊಳೆದೆ, ಒಂದು ಹನಿ ನೀರೂ ಉಳಿಯದಂತೆ ಒರೆಸಿದೆ, ಬೀಜ ಬಿಡಿಸಿ ಸಿಪ್ಪೆಯನ್ನು ನೂಲಿನಂತೆ ಹೆಚ್ಚಿದೆ. ಒಂದು ಪದರ ಹಣ್ಣು, ಒಂದು ಪದರ ಸಕ್ಕರೆ. ಅಪ್ಪನದಕ್ಕೆ ಶುಂಠಿ ಹಾಕಿದೆ. ಆದರೆ ಕೈ ಅಲ್ಲಿಗೆ ನಿಲ್ಲಲಿಲ್ಲ. ನಿನಗೆ ಕೆಮ್ಮೆಂದು ಅಲ್ಲೇ ಬೂಸಾನಿನಲ್ಲಿರುವ ಅತ್ತೆಯ ಮಗ ಬರೆದಿದ್ದನಲ್ಲ, ಇನ್ನೊಂದು ಜಾಡಿಯನ್ನೂ ತುಂಬಿದೆ. ನಿನಗಾಗದ ಶುಂಠಿ ಬಿಟ್ಟು, ಒಣ ಬೋರೆಹಣ್ಣು ಹೆಚ್ಚಿ ಹಾಕಿದೆ.

ಬಚ್ಚಿಟ್ಟದ್ದು ಎಲ್ಲಿ ಗೊತ್ತೇ? ನನ್ನ ಕೋಣೆಯಲ್ಲಿ ಒಲೆಯ ಬಿಸಿಗೆ ನೆಲ ಕಾಯುವ ಮೂಲೆಯಲ್ಲಿ, ಹೊದಿಕೆಯ ಕೆಳಗೆ. ಅಪ್ಪನಿಗೂ ಕಾಣುವುದಿಲ್ಲ, ಬಿಸಿಗೆ ಬೇಗ ಹದವೂ ಆಗುತ್ತದೆ ಎಂದುಕೊಂಡೆ. ನಗಬೇಡ. ಒಂದು ಬೆಳಿಗ್ಗೆ ನಾವು ಊಟಕ್ಕೆ ಕೂತಿದ್ದಾಗ ಜಾಡಿ ಹುಳಿ ಬಂದು ಉಕ್ಕಿ, ಮುಚ್ಚಳ ಹಾರಿ ಗೋಡೆಗೆ ಬಡಿಯಿತು. ಮನೆಯೆಲ್ಲ ಯೂಜದ ಘಮ. ಪಕ್ಕದ ಮನೆಯಿಂದ ಓಡಿಬಂದ ಅತ್ತೆ ಬಾಗಿಲಲ್ಲೇ ನಿಂತು, "ಏನೇ ಬೊಕ್ನಿಮ್, ನಮಗಿಲ್ದಿರೋ ಚಹಾ ಗೋಡೆಗೆ ಕುಡಿಸ್ತಿದ್ದೀಯಾ?" ಎಂದರು. ಅಪ್ಪ ನಗಲಿಲ್ಲ. "ಯಾರದ್ದಿದು?" ಎಂದು ಕೇಳಿದರು.

ಕೋಳಿ ಕರೆಯಲೂ ದನಿ ಏಳದವಳು ನಾನು. ಆದರೂ "ಅಕ್ಕಂದು" ಎಂದೆ.

ಅಪ್ಪ ಊಟ ಅರ್ಧಕ್ಕೆ ಬಿಟ್ಟು ಬಲೆ ಹೆಣೆಯಲು ಹೋದರು. ನಾನು ಗೋಡೆ ಒರೆಸಿದೆ. ಆಡಿದ ಮೇಲೆ ಮತ್ತೆ ಮುಚ್ಚಿಡುವುದೇನು? ಮರುದಿನ ಮರ ಹತ್ತಿ ತುದಿಯಲ್ಲಿ ಉಳಿದಿದ್ದ ಹಣ್ಣು ಕಿತ್ತೆ. ಮುಳ್ಳು ಗೀರಿದ ಕೈಗೆ ಹುಳಿ ತಾಗಿ ಉರಿಯಿತು, ಆದರೂ ಹೆಚ್ಚಿ ಮುಗಿಸಿಯೇ ಎದ್ದೆ. ಈ ಸಲ ಹಿತ್ತಿಲ ಜಾಡಿಕಟ್ಟೆಯ ಮೇಲೆ ತಣ್ಣಗೆ, ಎಲ್ಲರಿಗೂ ಕಾಣುವಂತೆ, ಅಪ್ಪನ ಜಾಡಿಗೂ ನನ್ನದಕ್ಕೂ ನಡುವೆ ಇಟ್ಟೆ. ಒಡೆದು ಹಾಕಿದರೆ ಮತ್ತೆ ಮರ ಹತ್ತುವುದೆಂದು ನಿಶ್ಚಯಿಸಿದ್ದೆ. ಅಪ್ಪ ದಿನಾ ಅದನ್ನು ದಾಟಿ ಹೋಗುತ್ತಾರೆ, ಜಾಡಿ ಇಟ್ಟಲ್ಲೇ ಇದೆ. "ನಮ್ಮಣ್ಣಂಗೆ ಕಣ್ಣು ಚೆನ್ನಾಗೇ ಕಾಣುತ್ತೆ ಕಣೇ, ನೆಗಡಿಯಾಗಿ ಮೂಗು ಕಟ್ಟಿದ್ದೂ ಇಲ್ಲ" ಎಂದು ಅತ್ತೆ ಕಣ್ಣು ಮಿಟುಕಿಸುತ್ತಾರೆ.

ಈಗ ಅತ್ತೆ ಮಗನನ್ನು ನೋಡಲು ಬೂಸಾನಿಗೆ ಹೊರಟಿದ್ದಾರೆ. ಜಾಡಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದೇನೆ. ಕುದಿಸಬೇಡ. ಬಿಸಿನೀರಿಗೆ ದೊಡ್ಡ ಚಮಚದಷ್ಟು ಹಾಕಿ ಕಲಕಿ ಕುಡಿ, ಸಿಪ್ಪೆಯನ್ನೂ ತಿನ್ನು. ಭಾವನಿಗೆ ನಮಸ್ಕಾರ, ಹೊಟ್ಟೆಯೊಳಗಿನ ಕೂಸಿಗೆ ಚಿಕ್ಕಮ್ಮನ ಮುದ್ದು.

ನಿನ್ನ ತಂಗಿ,
ಬೊಕ್ನಿಮ್

ಮ.ವಿ.: ಅತ್ತೆ ಅಂಗಳದಲ್ಲಿ ಅವಸರ ಮಾಡುತ್ತಿದ್ದಾರೆ. ನಾನು ಕಟ್ಟಿದ ಗಂಟು ಜಾಡಿಯ ಮೇಲಿಲ್ಲ. ಅಪ್ಪ ಬಲೆಯ ದಾರದಿಂದ ತಮ್ಮ ಗಂಟು ಹಾಕಿದ್ದಾರೆ, ಅವರನ್ನು ಬಿಟ್ಟರೆ ನಿನಗೊಬ್ಬಳಿಗೇ ಬಿಚ್ಚಲು ಬರುವ ಗಂಟು. ಗೋಡೆ ನೋಡುತ್ತಾ ಅತ್ತೆಗೆ ಹೇಳಿದರು: "ಒಳ್ಳೇ ದಾರ ಅದು. ಅವಳೇ ಬಿಚ್ಚಿ, ಅವಳೇ ಮನೆಗೆ ತಂದು ಕೊಡ್ಲಿ." ಅಕ್ಕಾ, ಭಾವನ ಕತ್ತರಿ ಅದರ ಹತ್ತಿರ ಸುಳಿಯದಂತೆ ನೋಡಿಕೋ.