ಬಂಗಾರಿಯ ಯಂತ್ರ

ಮಾರ್ಚ್ ೧೪, ಶುಕ್ರವಾರ. ಹೊಟ್ಟೆಯುರಿ ಇನ್ನೂ ಆರಿಲ್ಲ.

ನಮ್ಮ ಕಾರ್ಖಾನೆಯ ಚರಿತ್ರೆಯನ್ನು ನಾಲ್ಕು ಜನ ನೋಡಲಿ ಎಂದು, ಅಪ್ಪ ಕಟ್ಟಿದ ಮೊದಲ ಕಲ್ಲಿದ್ದಲು ಕಡಿಯುವ ಯಂತ್ರವನ್ನು ಇಂದು ಗೇಟಿನ ಬಳಿ ನಿಲ್ಲಿಸಿದರು. ಅದರ ಕಬ್ಬಿಣದ ಮೈಮೇಲೆ ಅಕ್ಕನ ಮುದ್ದಿನ ಹೆಸರು, ‘ಬಂಗಾರಿ’. ಕಾರ್ಖಾನೆಯೊಳಗೆ ಎಂದೂ ಕಾಲಿಡದ ಅಕ್ಕ ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡಳು. ರಿಪೇರಿ ಶೆಡ್ ನೋಡಿಕೊಳ್ಳುವ ನಾನು ಗ್ರೀಸ್ ಮೆತ್ತಿದ ಕೈಯಲ್ಲೇ ಚಪ್ಪಾಳೆ ತಟ್ಟಿದೆ.

“ಎರಡನೇದಕ್ಕೆ ನನ್ನ ಹೆಸರಿಟ್ಟಿದ್ಯಲ್ಲ, ಅದೆಲ್ಲಪ್ಪಾ?” ಎಂದು ಕೇಳಿಯೇಬಿಟ್ಟೆ.

“ಪುಟ್ಟೀನಾ? ಅದು ಇನ್ನೂ ಗಣಿಯೊಳಗೆ ದುಡೀತಿದೆ ಕಣೇ! ಕೆಟ್ಟು ನಿಂತಿದ್ರೆ ತಾನೇ ಇಲ್ಲಿಗೆ ತರೋದು?” ಅಪ್ಪ ಹೆಮ್ಮೆಯಿಂದ ನಕ್ಕ.

ಹೊಗಳಿಕೆಯೇ ಇರಬೇಕು. ಆದರೂ ನಾಳೆ ಒಂದು ದಿನ ನಾನೂ ಕೆಟ್ಟು ನಿಲ್ಲೋಣ ಅನ್ನಿಸುತ್ತಿದೆ. ಶೆಡ್ಡಿನ ಬೀಗದ ಕೈ ಮಾತ್ರ ನನ್ನ ಹತ್ತಿರವೇ ಇದೆ, ಬೆಳಿಗ್ಗೆ ನಾನು ಬಾಗಿಲು ತೆಗೆಯದಿದ್ದರೆ ಕೆಲಸವೆಲ್ಲ ನಿಂತುಹೋಗುತ್ತದಲ್ಲ...