ಸ್ಪಿನ್‌ಸ್ಟರ್ ಎಂದರೆ

ಜಮಖಂಡಿ, ಸೋಮವಾರ

ಶೇವಂತಿ ಅತ್ತೆ,

ಬನಹಟ್ಟಿಯಲ್ಲಿ ಎದುರಿಗೆ ಹೇಳಲು ನನಗೆ ಮುಖವಿರಲಿಲ್ಲ. ಸ್ಪಿನ್‌ಸ್ಟರ್ ಎಂದರೆ ರಾಟಿ ತಿರುವಿ ನೂಲುವವಳು ಎಂದು ನಿನಗೆ ಕಲಿಸಿದವಳು ನಾನೇ. ಅದು ಹಳೆಯ ಅರ್ಥ. ಈಗ ಮದುವೆಯಾಗದೆ ವಯಸ್ಸಾದವಳನ್ನು ಹಾಗೆಂದು ಹಂಗಿಸುತ್ತಾರೆ. ನಿನಗೆ ನೋವಾದೀತೆಂದು ಅದನ್ನು ಹೇಳಿರಲಿಲ್ಲ.

ನನ್ನನ್ನು ನೋಡಲು ಬಂದ ಮುಧೋಳದವರು ನಿನ್ನ ಕೆಲಸವೇನೆಂದು ಕೇಳಿದರು. ನೀನು ಸೆರಗು ಸರಿಮಾಡಿಕೊಂಡು, “ನಾ ಸ್ಪಿನ್‌ಸ್ಟರ್ ಅದೀನ್ರೀ” ಎಂದೆ. ಹುಡುಗ ನಕ್ಕ. ನಾನೂ ನಕ್ಕೆ.

ಆಮೇಲೆ ಅಡುಗೆಮನೆಯಲ್ಲಿ ನೀನು, “ನಾ ಏನರ ತಪ್ಪ ಅಂದ್ನೇನವಾ?” ಎಂದು ಕೇಳಿದಾಗ ನಾನು ಚಹಾ ಸೋಸುತ್ತಾ ನಿಂತೆ.

ನೀನು ತಪ್ಪು ಹೇಳಲಿಲ್ಲ. ಮುಧೋಳದವರಿಗೆ ಬೇಡ ಎಂದು ಅಪ್ಪನಿಂದ ಹೇಳಿಸು. ಆ ಹುಡುಗನ ಪಕ್ಕದಲ್ಲಿದ್ದರೆ ನಾನು ಮತ್ತೆ ಹಾಗೆಯೇ ನಗುತ್ತೇನೆ.

ನಿನ್ನ ರಾಟಿಯ ಸಪ್ಪಳದಲ್ಲೇ ಬೆಳೆದ,
ಕಾಂಚನಾ